ಆಯಿಯ ಕೈ ಎಟುಕುವಷ್ಟು ಎತ್ತರ

ಬೈಯುವ ಅತ್ತೆ ಸಿಕ್ಕಿದ್ದರೆ ನನ್ನ ಬದುಕು ಸುಲಭವಿತ್ತು. ಬೈದವರಿಗೆ ತಿರುಗಿ ಬೈಯಬಹುದು, ಗಂಟುಮೂಟೆ ಕಟ್ಟಿಕೊಂಡು ತವರಿಗೆ ಹೋಗಬಹುದು, ಹೋಗಿ ನಾಲ್ಕು ಜನರ ಮುಂದೆ ಅತ್ತು ಮರುಕ ಗಿಟ್ಟಿಸಬಹುದು. ನನಗೆ ಸಿಕ್ಕವರು ನಾನು ಒಮ್ಮೆ ಕೆಮ್ಮಿದರೆ ಕಷಾಯದ ಲೋಟ ಹಿಡಿದು ನಿಲ್ಲುವವರು. ಮನೆಯಲ್ಲಿ ಎಲ್ಲರೂ ಅವರನ್ನು ಆಯಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅಂಥವರ ಮನೆಯಲ್ಲಿ ಉಸಿರು ಕಟ್ಟುತ್ತದೆ ಎಂದರೆ ಯಾರು ನಂಬುತ್ತಾರೆ? ನನ್ನ ಹೆತ್ತ ತಾಯಿಯೇ ನಂಬಲಿಲ್ಲ. "ಸುಖ ಹೆಚ್ಚಾಗೇತಿ ನಿನಗ" ಎಂದು ಫೋನಿಟ್ಟಳು.

ಮದುವೆಗೆ ಮುಂಚೆ ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಅತಿಥಿ ಉಪನ್ಯಾಸಕಿ ಎಂಬ ಹೆಸರಿನ, ಅತಿಥಿಗೆ ಒಂದು ಕಪ್ ಚಹಾ ಕೂಡ ಸಿಗದ ಕೆಲಸ. ಆದರೂ ನನ್ನದು. ತವರು ರಾಯಬಾಗ ತಾಲೂಕಿನ ಅಲಖನೂರ; ಚಿಕ್ಕೋಡಿಯಲ್ಲಿ ಇಬ್ಬರು ಗೆಳತಿಯರ ಜೊತೆ ಒಂದು ಖೋಲಿಯಲ್ಲಿದ್ದೆ. ಸಂಬಂಧಿಕರ ಮದುವೆಯೊಂದರಲ್ಲಿ ಆಯಿ ನನ್ನನ್ನು ನೋಡಿದರು. ಹುಳಹುಪ್ಪಡಿಯ ವಿಷಯ ಓದಿದವಳು ಎಂದು ಯಾರೋ ಹೇಳಿದ್ದೇ ತಡ, "ಜೀವದ ಬೆಲಿ ಗೊತ್ತಿರೋ ಹುಡುಗಿ, ನಮ್ಮ ಮನಿಗೆ ತಕ್ಕಾಕಿ" ಎಂದು ಮನಸ್ಸು ಮಾಡಿಬಿಟ್ಟರು. ನಾನು ತರಗತಿಯಲ್ಲಿ ಜಿರಲೆ ಕೊಯ್ದು ಅದರ ಕರುಳು ಬಿಡಿಸಿ ತೋರಿಸುವವಳು ಎಂದು ಅವರಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹುಡುಗ ನೋಡಲು ಚೆನ್ನಾಗಿದ್ದ.

ಹಾಗೆ ಕೃಷ್ಣಾ ದಂಡೆಯ ಜುಗೂಳಕ್ಕೆ ಬಂದೆ. ಕೆಲಸ ಬಿಡು ಎಂದು ಯಾರೂ ಹೇಳಲಿಲ್ಲ. "ಕಲಸಾಕ ಹೋಗ್ಲಿ, ಯಾರ ಬ್ಯಾಡಂತಾರ" ಎಂದು ಆಯಿ ಮೊದಲ ವರ್ಷವೇ ಎಲ್ಲರೆದುರು ಹೇಳಿದ್ದರು. ಆದರೆ ಕಾಲೇಜಿನವರು ಅತಿಥಿಗಳನ್ನು ಕರೆಯುವುದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ಹೊಳೆ ಬರುತ್ತದೆ, ರಸ್ತೆ ಮುಳುಗುತ್ತದೆ, ಬಸ್ಸು ನಿಲ್ಲುತ್ತದೆ. "ಮಳಿ ಹಿಂದಾಗ್ಲಿ" ಎನ್ನುತ್ತಾರೆ ಆಯಿ, ತಲೆ ಸವರಿ. ಮಳೆ ಹಿಂದಾದ ಮೇಲೆ ಕಬ್ಬು ಕಡಿಯುವ ಗದ್ದಲ, ಆಮೇಲೆ ಮದುವೆ ಮುಂಜಿವೆ, ಆಮೇಲೆ ಬಿಸಿಲು, ಮತ್ತೆ ಮಳೆ. ಹೀಗೆ ಎಂಟು ವರ್ಷ. ಯಾವ ಬಾಗಿಲಿಗೂ ಕೀಲಿ ಹಾಕಿರಲಿಲ್ಲ, ಆದರೂ ನಾನು ಹೊರಗೆ ಹೋಗಲಿಲ್ಲ. ಅದು ಯಾಕೆಂದು ನನಗೇ ಸಿಟ್ಟು ಬರುತ್ತಿತ್ತು, ಆ ಸಿಟ್ಟನ್ನು ರೊಟ್ಟಿ ಬಡಿಯುವಾಗ ತೀರಿಸಿಕೊಳ್ಳುತ್ತಿದ್ದೆ.

ನಮ್ಮದು ಜೈನರ ಮನೆ, ಅದರಲ್ಲೂ ಆಯಿ ವ್ರತ ಹಿಡಿದವರು. ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸ, ಅದರ ನಡುವೆ ಹತ್ತು ದಿನ ಉಪವಾಸದ ಪರ್ವ. ನೆಲದ ಮೇಲೆಲ್ಲ ಹುಳಹುಪ್ಪಡಿ ಹುಟ್ಟುವ ಕಾಲವೆಂದು ಮುನಿಗಳೇ ಊರು ಬಿಟ್ಟು ನಡೆಯುವುದಿಲ್ಲ. ಆಯಿಯೂ ಊರ ಗಡಿ ದಾಟುವುದಿಲ್ಲ, ಸೊಪ್ಪು ತಿನ್ನುವುದಿಲ್ಲ, ಹಸಿ ಹುಲ್ಲಿನ ಮೇಲೆ ಕಾಲಿಡುವುದಿಲ್ಲ. ಕುಡಿಯುವ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುವುದು ನನ್ನ ಕೆಲಸ. ಸೋಸಿದರೆ ಮುಗಿಯಲಿಲ್ಲ. ಬಟ್ಟೆಯನ್ನು ಮಗುಚಿ, ಅದರ ಮೇಲೆ ಸೋಸಿದ ನೀರು ಬಿಟ್ಟು, ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಜೀವಗಳನ್ನು ಚೆಂಬಿಗೆ ಇಳಿಸಿಕೊಂಡು, ಆ ಚೆಂಬನ್ನು ಹಗ್ಗದಿಂದ ಬಾವಿಯೊಳಗೆ ಬಿಟ್ಟು, ನೀರಿಗೆ ತಾಗಿದ ಮೇಲೆ ಮೆಲ್ಲಗೆ ಬಗ್ಗಿಸಬೇಕು. ಮೇಲಿಂದ ಸುರಿಯುವ ಹಾಗಿಲ್ಲ. ಬಂದ ಹೊಸತರಲ್ಲಿ ನಾನೊಮ್ಮೆ ಬೇಸರಕ್ಕೆ ಅದನ್ನು ಮೋರಿಗೆ ಸುರಿಯಲು ಹೋದಾಗ ಆಯಿ ಓಡಿ ಬಂದು ಕೈ ಹಿಡಿದಿದ್ದರು.

"ಈ ಬಾವಿ ಜೀವ ಈ ಬಾವಿಗೇ ಹೋಗಬೇಕವಾ. ಬ್ಯಾರೆ ನೀರಿಗೆ ಬಿಟ್ರ ಸಾಯ್ತಾವ. ತಮ್ಮ ನೀರ ತಮಗ ಬೇಕಾಗತೈತಿ."

ಸೂಕ್ಷ್ಮದರ್ಶಕದಲ್ಲಿ ಆ ಜೀವಗಳನ್ನು ನೋಡಿದವಳು ನಾನು. ಅವರು ಹೇಳಿದ್ದು ತಪ್ಪಲ್ಲವೆಂದು ನನಗೆ ಗೊತ್ತಿತ್ತು. ಆದ್ದರಿಂದ ದಿನಾ ಬಾವಿಗೆ ಬಗ್ಗಿ ಚೆಂಬು ಇಳಿಸುತ್ತ ಬಂದೆ.

ಹೋದ ಮಳೆಗಾಲದಲ್ಲಿ ಹೊಳೆ ಎರಡು ಸಲ ಏರಿತು. ಊರಿನ ಮೂರು ಕಡೆ ಕೆಂಪು ನೀರು ನಿಂತಿತ್ತು. ಕಾಗವಾಡಕ್ಕೆ ಹೋಗಬೇಕೆಂದರೂ ಸುತ್ತುಬಳಸಿ ಹೋಗಬೇಕು, ಚಿಕ್ಕೋಡಿಯಂತೂ ವಿಲಾಯತಿಯಾಯಿತು. ಆ ಹೊತ್ತಿನಲ್ಲಿ ನಮ್ಮವರ ಪೇರಲ ತೋಟಕ್ಕೆ ಕಪ್ಪು ಹತ್ತಿತು. ಎಲೆ, ಕಾಯಿ, ರೆಂಬೆ ಎಲ್ಲದರ ಮೇಲೆ ಹಂಚಿನ ಮಸಿ ಬಳಿದಂತೆ. ನಮ್ಮವರು ಎಂದರೆ ನನ್ನ ಗಂಡ. ತಂದೆ ಕಾಲದ ಕಬ್ಬಿನ ಹೊಲದ ಒಂದು ತುಂಡಿನಲ್ಲಿ ಕಬ್ಬು ಬಿಟ್ಟು ಪೇರಲ ಹಾಕಿದ ಹಟಮಾರಿ. "ಕಬ್ಬಿನ ನಾಡಾಗ ಪೇರಲ ಬೆಳೀತಾನಂತ" ಎಂದು ಊರವರು ಆಡಿಕೊಂಡಿದ್ದರಿಂದ ಆ ತೋಟದ ಮೇಲೆ ಅವರಿಗೆ ಹೆಂಡತಿಗಿಂತ ಒಂದು ಕೈ ಹೆಚ್ಚು ಪ್ರೀತಿ. ಒಂದು ಮುಂಜಾನೆ ಮಸಿ ಹಿಡಿದ ಕೊಂಬೆಯೊಂದನ್ನು ಅಡುಗೆಮನೆಯ ಕಟ್ಟೆಯ ಮೇಲೆ ತಂದಿಟ್ಟರು.

"ನೀ ಓದೀದಿ ಅಲಾ, ನೋಡ ಸ್ವಲ್ಪ. ಏನ ರೋಗ ಇದು?"

ಎಂಟು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ಓದನ್ನು ನೆನೆಸಿಕೊಂಡಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಕಣ್ಣಲ್ಲಿ ನೀರು ಬಂತು. ಒಗ್ಗರಣೆಯ ಘಾಟಿನ ಮೇಲೆ ತಪ್ಪು ಹಾಕಿ ಒರೆಸಿಕೊಂಡೆ.

ರೋಗವಲ್ಲ, ಹುಳ. ಮಸಿಯ ಕೆಳಗೆ ರೆಂಬೆಗೆ ಅಂಟಿಕೊಂಡು ಕಪ್ಪು-ಕಂದು ಬಣ್ಣದ ಹೊಳೆಯುವ ಗುಬುಟುಗಳು, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಪುಸ್ತಕದ ಕನ್ನಡದಲ್ಲಿ ಇವುಗಳಿಗೆ ಶಲ್ಕ ಕೀಟ ಎನ್ನುತ್ತಾರೆ. ಜನರ ಬಾಯಲ್ಲಿ ಹೆಸರೇ ಇಲ್ಲ, ಯಾಕೆಂದರೆ ಬಹಳ ಮಂದಿ ಇದನ್ನು ಹುಳವೆಂದೇ ತಿಳಿಯುವುದಿಲ್ಲ, ತೊಗಟೆಯ ಗಂಟು ಎಂದುಕೊಳ್ಳುತ್ತಾರೆ. ಹುಟ್ಟಿದ ಹೊಸತರಲ್ಲಿ ಮರಿಗೆ ಆರು ಕಾಲಿರುತ್ತವೆ, ಓಡಾಡುತ್ತದೆ. ಒಂದು ಜಾಗ ಹಿಡಿಸಿತೆಂದರೆ ಕೂದಲಿನಂಥ ಬಾಯಿಯನ್ನು ತೊಗಟೆಯೊಳಗೆ ಇಳಿಸಿ ರಸ ಹೀರುತ್ತ ಕೂತುಬಿಡುತ್ತದೆ. ಬೆಳೆದ ಮೇಲೆ ಕಾಲು ಇದ್ದೂ ಇಲ್ಲದ ಹಾಗೆ, ಕದಲುವುದಿಲ್ಲ. ಗಂಡು ಬೇಕಿಲ್ಲ, ತಾನೇ ಮೊಟ್ಟೆಯಿಡುತ್ತದೆ. ಮೊಟ್ಟೆ ತನ್ನ ಮೈ ಕೆಳಗೇ. ತಾಯಿ ಅಲ್ಲೇ ಸಾಯುತ್ತದೆ, ಒಣಗಿದ ಬೆನ್ನು ಮರಿಗಳಿಗೆ ಸೂರಾಗುತ್ತದೆ. ಅದು ಉಚ್ಚುವ ಸಿಹಿ ರಸದ ಮೇಲೆ ಬೆಳೆದ ಬೂಷ್ಟೇ ಈ ಮಸಿ, ಅದೇ ರಸಕ್ಕೆ ಇರುವೆಗಳ ಸಾಲು.

ಆದರೆ ಶಲ್ಕ ಕೀಟದಲ್ಲಿ ನೂರಾರು ಜಾತಿ. ಯಾವುದೆಂದು ಗೊತ್ತಾದರೆ ಯಾವ ಯಾವ ಗಿಡದ ಮೇಲೆ ಬದುಕುತ್ತದೆ, ಎಲ್ಲಿಂದ ಬಂದಿರಬಹುದು ಎಂದು ಹೇಳಬಹುದು. ಫೋಟೋ ತೆಗೆದು, ನನಗೆ ಕಲಿಸಿದ್ದ ಮೇಡಮ್ಮರಿಗೆ ಕಳಿಸಿದೆ. ಅವರ ಫೋನು ಬಂತು. ಖಚಿತವಾಗಿ ಹೇಳಬೇಕೆಂದರೆ ಬದುಕಿರುವ ಹೆಣ್ಣನ್ನು ಹಿಡಿದು, ಕ್ಷಾರದ್ರಾವಣದಲ್ಲಿ ಕುದಿಸಿ, ಒಳಗಿನದೆಲ್ಲ ಕರಗಿಸಿ, ಚರ್ಮಕ್ಕೆ ಬಣ್ಣ ಕೊಟ್ಟು ಗಾಜಿನ ಮೇಲೆ ಹಚ್ಚಬೇಕು. ನಾನು ಅಡುಗೆಮನೆಯ ಒಲೆಯ ಕಡೆ ನೋಡಿದೆ. ಚಾತುರ್ಮಾಸದಲ್ಲಿ, ಆಯಿಯ ಒಲೆಯ ಮೇಲೆ, ಹುಳ ಕುದಿಸುವುದು! ನಗು ಬಂತು.

"ಕುದಿಸಾಕ ಆಗಂಗಿಲ್ರಿ ಮೇಡಮ್," ಎಂದೆ.

"ಹಂಗಾರ ಕಣ್ಣಿಲೇ ನೋಡು. ಎಳೀವಕ್ಕೂ ಮುದಿಗಳಿಗೂ ಬೆನ್ನು ಹ್ಯಾಂಗ ಬ್ಯಾರೆ ಐತಿ ನೋಡು. ಎಷ್ಟ ಜಾತಿ ಗಿಡದ ಮ್ಯಾಲ ಅದಾವ ಅಂತ ನೋಡು. ಎಲ್ಲಿ ದಟ್ಟ ಆಗ್ಯಾವೋ ಅಲ್ಲಿಂದ ಸುರು ಆಗಿರತೈತಿ."

ಹೀಗೆ ನನಗೆ ಹೊರಗೆ ತಿರುಗಲು ಒಂದು ನೆಪ ಸಿಕ್ಕಿತು. ಸೀರೆ ಮೇಲೆತ್ತಿ ಸಿಕ್ಕಿಸಿ, ಕೈಯಲ್ಲೊಂದು ಭೂತಗನ್ನಡಿ ಹಿಡಿದು ಕೆಸರಿನಲ್ಲಿ ಅಡ್ಡಾಡಿದೆ. ಊರ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ನೋಡಲಿ. ಮೊದಲು ಎರಡು ಬಗೆಯ ಹುಳ ಎಂದುಕೊಂಡೆ: ಸಪೂರ ರೆಂಬೆಯ ಮೇಲಿನವು ಉದ್ದ, ಎಲೆಯ ಮೇಲಿನವು ಅಗಲ. ಆಮೇಲೆ ತಿಳಿಯಿತು, ಕೂತ ಜಾಗದ ಅಳತೆಗೆ ಮೈ ಬೆಳೆಸಿಕೊಳ್ಳುವ ಒಂದೇ ಜಾತಿ. ಎಳೆಯವುಗಳ ಬೆನ್ನಿನ ಮೇಲೆ ಇಂಗ್ಲಿಷಿನ ಎಚ್ ಅಕ್ಷರದಂಥ ಗೆರೆ ಕಾಣುತ್ತದೆ, ವಯಸ್ಸಾದಂತೆ ಗೆರೆ ಅಳಿಸಿ ಬೆನ್ನು ನುಣ್ಣಗೆ ಕಪ್ಪಾಗುತ್ತದೆ. ಫೋನಿನಲ್ಲಿ ಹುಡುಕಿ, ಮೇಡಮ್ಮರನ್ನು ಮತ್ತೆ ಮತ್ತೆ ಕಾಡಿ, ಕೊನೆಗೆ ಹೆಸರಿಗೆ ಬಂದು ನಿಂತೆವು: ಪ್ಯಾರಾಸೈಸೇಶಿಯಾ ನೈಗ್ರಾ, ನೈಗ್ರಾ ಶಲ್ಕ ಕೀಟ. "ಕುದಿಸದ ಹೇಳಾಕತ್ತೇನಿ, ನೂರಕ್ಕ ನೂರು ಅನ್ನಂಗಿಲ್ಲ" ಎಂದರು ಮೇಡಮ್. ನನಗೆ ಅಷ್ಟು ಸಾಕಿತ್ತು. ಪೇರಲ, ದಾಸವಾಳ, ಕಣಗಿಲೆ, ಸೀತಾಫಲ, ಎಲ್ಲದರ ಮೇಲೂ ಬದುಕುವ ಹುಳ ಅದು. ನಮ್ಮ ಊರಿನಲ್ಲೂ ಅವೇ ಗಿಡಗಳ ಮೇಲೆ ಸಿಕ್ಕಿತು.

ವಿಚಿತ್ರವೆಂದರೆ ಆ ಗಿಡಗಳು ಒಂದಕ್ಕೊಂದು ತಾಗಿರಲಿಲ್ಲ. ದಾಸವಾಳ ನಮ್ಮ ಹಿತ್ತಲಲ್ಲಿ. ಅಲ್ಲಿಂದ ಓಣಿ ದಾಟಿದರೆ ಪೇರಲ ತೋಟದ ಮೂಲೆ. ಅದಕ್ಕೆ ಹತ್ತಿದಂತೆ, ನಾವೆಲ್ಲ ಮಾವಶಿ ಎಂದು ಕರೆಯುವ ಪಕ್ಕದ ಮನೆಯವಳ ಅಂಗಳದಲ್ಲಿ ಸೀತಾಫಲ. ಮುಂದೆ ಬಸದಿಯ ಗೋಡೆಗೆ ಕಣಗಿಲೆ. ತೋಟದಲ್ಲೂ ಒಳಗಿನ ಸಾಲುಗಳ ಗಿಡ ಮಸಿ ಹಿಡಿದಿದ್ದರೂ ಹುಳ ಅಲ್ಲೊಂದು ಇಲ್ಲೊಂದು, ದಾರಿಯ ಕಡೆಯ ಸಾಲಿನಲ್ಲಿ ಮಾತ್ರ ಕಿಕ್ಕಿರಿದು ತುಂಬಿದ್ದವು. ಆ ಸಾಲಿನಲ್ಲೂ ದಾರಿಗೆ ಚಾಚಿದ ಕೊಂಬೆಗಳ ಮೇಲೆ. ಕೊಂಬೆಗಳಲ್ಲೂ ಒಂದೇ ಎತ್ತರದಲ್ಲಿ. ಸೀತಾಫಲದ ಬುಡ ಚೊಕ್ಕಟ, ತುದಿ ಚೊಕ್ಕಟ, ನಡುವಿನ ಕವಲಿನಲ್ಲಿ ಒಂದು ಗುಂಪು. ಕಣಗಿಲೆಯಲ್ಲೂ ಅದೇ ಎತ್ತರ. ನನ್ನ ಭುಜಕ್ಕಿಂತ ತುಸು ಕೆಳಗೆ.

ಬಸದಿಯ ಗೋಡೆಯ ಹತ್ತಿರ ನಿಂತು ನಾನು ಕೈ ಚಾಚಿ ನೋಡಿದೆ. ನನ್ನ ಕೈ ಅದಕ್ಕಿಂತ ಮೇಲೆ ಹೋಗುತ್ತಿತ್ತು. ಅದು ಗಿಡ್ಡ ಹೆಂಗಸೊಬ್ಬಳ ಕೈ ಆರಾಮಾಗಿ ಎಟುಕುವ ಎತ್ತರ. ಆಯಿ ನನ್ನ ಭುಜಕ್ಕೆ ಬರುತ್ತಾರೆ.

ದಿನಾ ನೋಡುತ್ತಿದ್ದುದು ಆಗ ತಲೆಗೆ ಹೊಕ್ಕಿತು. ಆಯಿ ಮುಂಜಾನೆ ಬಸದಿಗೆಂದು ದಾಸವಾಳದ ಹೂ ಹರಿಯುವಾಗ ಕೈಯಲ್ಲಿ ಒಂದು ತೆಂಗಿನ ಕರಟ ಇರುತ್ತದೆ, ಒಂದು ನವಿಲುಗರಿ ಇರುತ್ತದೆ. ಗರಿಯ ತುದಿಯಿಂದ, ಉಗುರಿನ ಅಂಚಿನಿಂದ, ಗಿಡದ ಮೇಲಿನ ಕಪ್ಪು ಗುಬುಟುಗಳನ್ನು ಒಂದೊಂದಾಗಿ ಬಿಡಿಸಿ ಕರಟದೊಳಗೆ ಎಲೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಮಗ ದಾಸವಾಳಕ್ಕೆ ಔಷಧಿ ಹೊಡೆಯುತ್ತೇನೆ ಎಂದು ಯಾವಾಗಲೋ ಅಂದಿದ್ದನ್ನು ಅವರು ಮರೆತಿರಲಿಲ್ಲ. ಬಸದಿಯ ದಾರಿಯಲ್ಲಿ ಔಷಧಿ ತಾಗದ, ಹಸಿರಾದ, ರಸ ಇರುವ ಗಿಡ ಕಂಡಲ್ಲಿ ನಿಂತು, ಅವುಗಳನ್ನು ಕೊಂಬೆಯ ಮೇಲೆ ಇಟ್ಟು ಹೋಗುತ್ತಿದ್ದರು. ಹಸಿದು ಸಾಯಬಾರದಲ್ಲ. ಊರಿಗೆ ಹುಳ ಹಂಚಿದ್ದು ಗಾಳಿಯಲ್ಲ, ಇರುವೆಯಲ್ಲ. ಆಯಿಯ ದಯೆ.

ಮನೆಗೆ ಬಂದರೆ ನಮ್ಮವರು ಆಗಲೇ ತೀರ್ಮಾನಕ್ಕೆ ಬಂದಿದ್ದರು.

"ನೋಡಿ ಬಂದ್ನಿ. ಆ ಮಾವಶಿ ಸೀತಾಫಳಕ್ಕೂ ಇದ ಐತಿ. ಅಲ್ಲಿಂದನ ಬಂದೈತಿ ನಮ್ಮ ತ್ವಾಟಕ್ಕ. ಪರ್ವ ಮುಗದ ಮರುದಿನ ಕಡಸ್ತೇನಿ ಅದನ್ನ."

"ಅಲ್ಲಿಂದ ಬಂದಿಲ್ರಿ," ಎಂದೆ.

"ಮತ್ತ ಎಲ್ಲಿಂದ?"

ಒಳಗಿನ ಕೋಣೆಯಿಂದ ಆಯಿ ಜಪ ಮಾಡುವ ಸದ್ದು ಬರುತ್ತಿತ್ತು.

"ಸಾಬೂನ ನೀರಿಲೇ ತೊಳದ್ರ ಹೊಕ್ಕಾವ್ರಿ. ಮೂರ ನಾಕ ಟೊಂಗಿ ಕಡದ್ರ ಸಾಕು. ಗಿಡಾ ಯಾಕ ಕಡಸ್ತೀರಿ?"

"ತೊಳದ್ರ ಹುಳ ಸಾಯಂಗಿಲ್ಲೇನ? ಪರ್ವ ಹತ್ರ ಬಂದಾಗ ಆಯಿ ಕೇಳಿದ್ರ ಏನಂದಾಳು!"

ಹುಳ ಸಾಯಬಾರದು, ಗಿಡ ಸಾಯಬಹುದು, ಅದೂ ಪರ್ವ ಮುಗಿದ ಮೇಲೆ, ಕೂಲಿಯವನ ಕೈಯಿಂದ. ಈ ಮನೆಯ ಲೆಕ್ಕಾಚಾರ ನನಗೆ ಯಾವತ್ತೂ ತಲೆಗೆ ಹತ್ತಿಲ್ಲ.

ಆ ಗಿಡ ಬೇರೆ ಯಾರದಾಗಿದ್ದರೂ ನಾನು ಇಷ್ಟು ಸಂಕಟಪಡುತ್ತಿರಲಿಲ್ಲವೇನೋ. ಮಾವಶಿಯ ಗಂಡ ವರ್ಷದ ಬಹುಪಾಲು ಕುರಿ ಹಿಂಡಿನ ಹಿಂದೆ ಅಥಣಿಯ ಆಚೆಗೆ ತಿರುಗುವವನು. ಅವಳು ಆಡು ಸಾಕಿಕೊಂಡು ಒಬ್ಬಳೇ ಇರುತ್ತಾಳೆ. ಆಡಿದ್ದ ಮನೆಯಲ್ಲಿ ಗಿಡ ಉಳಿಯುವುದಿಲ್ಲ. ನುಗ್ಗೆ ಹಚ್ಚಿದಳು, ತಿಂದು ಹಾಕಿದವು. ಬೇವು ಹಚ್ಚಿದಳು, ಅದನ್ನೂ ಬಿಡಲಿಲ್ಲ. ಆಡು ಬಾಯಿ ಹಾಕದ ಎಲೆ ಎಂದರೆ ಸೀತಾಫಲದ್ದು. ಅದೊಂದೇ ಬೆಳೆದು ಮರವಾಯಿತು. ಬಿಸಿಲಲ್ಲಿ ಆಡು, ಮರಿ, ಮಾವಶಿ ಎಲ್ಲ ಅದರ ಕೆಳಗೆ. ಅದನ್ನು ಕಡಿದರೆ ಆ ಅಂಗಳದಲ್ಲಿ ಇನ್ನೊಂದು ನೆರಳು ಏಳುವುದಿಲ್ಲ.

ನಾನು ಅವಳ ಅಂಗಳಕ್ಕೆ ಹೋದೆ. ಮರಿಯೊಂದನ್ನು ಮಡಿಲಲ್ಲಿ ಹಾಕಿಕೊಂಡು ಅದರ ಕಿವಿಯಿಂದ ಉಣ್ಣೆಹುಳ ಕೀಳುತ್ತಿದ್ದಳು. ಮೇಲೆ ಅರೆಬೆಳೆದ ಕಾಯಿಗಳು ತೂಗುತ್ತಿದ್ದವು.

"ಸಾವುಕಾರ್ರು ಬಂದ ಹೇಳಿ ಹೋಗ್ಯಾರ ತಂಗಿ. ಕಡೀರಿ ಅಂದೇನಿ."

"ಯಾಕ ಹೂಂ ಅಂದಿ ಮಾವಶಿ? ನಿನ್ನ ಗಿಡಾ, ಬ್ಯಾಡ ಅನ್ನಾಕ ಬರ್ತಿತ್ತಿಲ್ಲ?"

"ಬ್ಯಾಡ ಅಂದ ಎಲ್ಲಿ ಹೋಗ್ಲಿ? ಆಡಿಗೆ ಮೇವ ನಿಮ್ಮ ಹೊಲದ್ದ, ನೀರ ನಿಮ್ಮ ಬಾವೀದ. ಅವ್ರೇನ ಜೋರ ಮಾಡಿಲ್ಲವಾ. ಭಾಳ ಚಂದಾಗಿ ಕೇಳ್ಯಾರ."

ಚಂದಾಗಿ ಕೇಳಿದ್ದಾರೆ. ಆ ಮಾತು ನನ್ನ ಎದೆಗೆ ಬಂದು ತಾಗಿತು. ನಮ್ಮ ಮನೆಯವರು ಎಲ್ಲವನ್ನೂ ಚಂದಾಗಿಯೇ ಕೇಳುತ್ತಾರೆ. ಇಲ್ಲ ಎನ್ನಲು ಅದರಲ್ಲಿ ಜಾಗವೇ ಇರುವುದಿಲ್ಲ.

ಹೇಳಿದರೆ ಗಿಡ ಉಳಿಯುತ್ತದೆ. ಆದರೆ ಹೇಳುವುದೇನು? ಹುಳ ಹಂಚಿದ್ದು ಆಯಿ ಎಂಬುದು ಸಣ್ಣ ಮಾತು. ಅದರ ಹಿಂದೆ ಇನ್ನೊಂದಿತ್ತು. ಬಲಿತ ಶಲ್ಕ ಕೀಟವನ್ನು ಕೂತ ಜಾಗದಿಂದ ಬಿಡಿಸಿದರೆ ಅದರ ಬಾಯಿ ತೊಗಟೆಯೊಳಗೇ ಹರಿದು ಉಳಿಯುತ್ತದೆ. ಎಷ್ಟೇ ಮೆತ್ತಗೆ ಬಿಡಿಸಿದರೂ ಅಷ್ಟೇ. ಬೇರೆ ಎಂಥ ಹಸಿರು ಕೊಂಬೆಯ ಮೇಲಿಟ್ಟರೂ ಅದು ಮತ್ತೆ ಹತ್ತುವುದಿಲ್ಲ, ಹಸಿದೇ ಸಾಯುತ್ತದೆ. ಬದುಕುವುದು ಅದರ ಹೊಟ್ಟೆ ಕೆಳಗಿನ ಮರಿಗಳು ಮಾತ್ರ. ಇರುವೆ ಕಾಲಿಗೆ ಸಿಕ್ಕೀತೆಂದು ನೆಲ ನೋಡಿ ನಡೆಯುವ, ರಾತ್ರಿ ಊಟವನ್ನೇ ಬಿಟ್ಟಿರುವ ಹೆಂಗಸಿಗೆ, ನೀವು ವರ್ಷಗಟ್ಟಲೆ ದಿನಾ ಬೆಳಗ್ಗೆ ನಿಮ್ಮ ಕೈಯಾರೆ ಜೀವ ತೆಗೆದಿದ್ದೀರಿ ಎಂದು ಹೇಗೆ ಹೇಳುವುದು? ಹೇಳದಿದ್ದರೆ ಮಾವಶಿಯ ನೆರಳು ಹೋಗುತ್ತದೆ. ಹೊರಗೆ ನೀರು ನಿಂತಿದೆ, ಒಳಗೆ ಇದು. ಎಲ್ಲಿ ತಿರುಗಿದರೂ ಗೋಡೆ ಎಂದರೆ ಏನೆಂದು ಆ ದಿನಗಳಲ್ಲಿ ನನಗೆ ತಿಳಿಯಿತು. ಊಟದ ತಾಟು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಆಯಿ ಅದಕ್ಕೂ ಕಷ್ಟಪಟ್ಟು ಕಷಾಯ ಮಾಡಿಕೊಟ್ಟರು.

ಪರ್ವ ಶುರುವಾಗುವ ಮುಂಚಿನ ಮುಂಜಾನೆ ಹಿತ್ತಲಿಗೆ ಹೋದರೆ ಆಯಿ ಕರಟ ಹಿಡಿದು ದಾಸವಾಳದ ಮುಂದೆ ನಿಂತಿದ್ದರು. ಮಳೆ ಬಿಟ್ಟಿತ್ತು. ಅವರ ಮುಖದಲ್ಲಿ, ಕೂಸಿಗೆ ಎಣ್ಣೆ ಹಚ್ಚುವವರ ಮುಖದಲ್ಲಿ ಇರುತ್ತದಲ್ಲ, ಆ ಶಾಂತಿ ಇತ್ತು.

"ಆಯಿ, ಅವನ್ನ ಅಲ್ಲೇ ಬಿಡ್ರಿ."

"ಅಲ್ಲೇ ಬಿಟ್ರ ನಿನ್ನ ಗಂಡ ಔಷಧ ಹೊಡೀತಾನ. ಪಾಪ, ತಾವಾಗಿ ಹೋಗಾಕ ಬರಂಗಿಲ್ಲ ಅವಕ್ಕ. ಯಾರರ ಎತ್ತಿ ಇಡಬೇಕಲಾ."

"ಎತ್ತಿದ್ರ ಸಾಯ್ತಾವ್ರಿ."

ಗರಿ ನಿಂತಿತು.

"ಒಮ್ಮೆ ಕುಂತ ಜಾಗಾ ಬಿಡಿಸಿದ್ರ ಮತ್ತ ಹತ್ತಂಗಿಲ್ರಿ ಆಯಿ. ಬಾಯಿ ಒಳಗ ಹರಕೊಂಡ ಉಳೀತೈತಿ. ಬ್ಯಾರೆ ಗಿಡದ ಮ್ಯಾಲ ಇಟ್ರ ಹಸದ ಸಾಯ್ತಾವ."

"ಎಲ್ಲಾನೂ?"

"ದೊಡ್ಡವು ಎಲ್ಲಾ. ಮರಿ ಬದಕತಾವ್ರಿ, ಅವಕ್ಕ ಕಾಲ ಇರ್ತಾವ. ಆ ಮರೀನ ಪೇರಲ ತುಂಬ ಆಗ್ಯಾವ. ಮಾವಶಿ ಸೀತಾಫಳದ ಮ್ಯಾಲೂ ಅವ. ಅದಕ್ಕ ಆ ಗಿಡಾ ಕಡಸಾಕ ಹೊಂಟಾರ್ರಿ."

ಒಂದೇ ಉಸಿರಿಗೆ ಹೇಳಿಬಿಟ್ಟಿದ್ದೆ. ಎಷ್ಟು ದಿನ ಮಾತು ಕಟ್ಟಿಕೊಂಡು ಕೂತಿದ್ದೆನೋ, ಬಂದಾಗ ಜೋರಾಗಿಯೇ ಬಂತು. ಆಯಿ ಕರಟದೊಳಗೆ ನೋಡಿದರು. ಎಲೆಯ ಮೇಲೆ ಆಗತಾನೇ ಬಿಡಿಸಿದ ಹುಳಗಳಿದ್ದವು. ಅವುಗಳನ್ನು ಮತ್ತೆ ದಾಸವಾಳದ ಕೊಂಬೆಯ ಮೇಲೆ, ಬಿಡಿಸಿದ ಗುರುತಿದ್ದ ಜಾಗದಲ್ಲೇ, ಬೆರಳಿನಿಂದ ಒತ್ತಿ ಕೂರಿಸಲು ನೋಡಿದರು. ಒಂದು ಬಿತ್ತು. ಇನ್ನೊಂದನ್ನು ಇಟ್ಟರು, ಅದೂ ಬಿತ್ತು. ನಾನು ನೋಡಲಾರದೆ ಒಳಗೆ ಬಂದೆ.

ಪರ್ವದ ಆ ದಿನಗಳಲ್ಲಿ ಆಯಿ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ದಿನಕ್ಕೆ ಒಮ್ಮೆ ಉಣ್ಣುತ್ತಿದ್ದವರು ದಿನ ಬಿಟ್ಟು ದಿನ ಬರೀ ನೀರಿನ ಮೇಲೆ ಇದ್ದರು. ದಾಸವಾಳದ ಹತ್ತಿರ ಹೋಗಲಿಲ್ಲ. ಹೂ ಗಿಡದಲ್ಲೇ ಬಾಡಿದವು. ಬಾವಿಗೆ ಚೆಂಬು ಇಳಿಸುವಾಗ ಮಾತ್ರ ಬಂದು ನನ್ನ ಪಕ್ಕದಲ್ಲಿ ನಿಂತು ನೀರಿನ ಕಡೆ ನೋಡುತ್ತಿದ್ದರು. ನಮ್ಮವರು "ಆಯಿಗೆ ಏನಾಗೇತಿ?" ಎಂದು ನನ್ನನ್ನು ಕೇಳಿದರು. ನೀವೇ ಕೇಳಿರಿ ಎಂದೆ. ಕೇಳುವ ಧೈರ್ಯ ಅವರಿಗೂ ಇರಲಿಲ್ಲ. ಗಿಡ ಕಡಿಯುವವನಿಗೆ ಅವರು ಹೇಳಿ ಇಟ್ಟ ದಿನ ಮಾತ್ರ ಹತ್ತಿರ ಬರುತ್ತಿತ್ತು. ನನ್ನ ಮಾತು ವ್ಯರ್ಥವಾಯಿತೇ, ಒಬ್ಬರ ಮನಸ್ಸನ್ನೂ ಮುರಿದು ಒಬ್ಬರ ಗಿಡವನ್ನೂ ಉಳಿಸದೆ ಹೋದೆನೇ ಎಂದುಕೊಳ್ಳುತ್ತ ದಿನ ಎಣಿಸಿದೆ.

ಪರ್ವ ಮುಗಿದ ಮರುದಿನ ಕ್ಷಮಾವಣಿ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರೂ ಎಲ್ಲರಲ್ಲಿ ಕೈ ಜೋಡಿಸಿ ಕ್ಷಮೆ ಕೇಳುವ ದಿನ. ಹಿರಿಯರು ಕಿರಿಯರಲ್ಲೂ ಕೇಳುತ್ತಾರೆ. ಕೇಳಿಸಿಕೊಂಡವರು "ಕ್ಷಮಾ" ಎಂದು ಮರಳಿ ಹೇಳುತ್ತಾರೆ, ಆಮೇಲೆ ಚಹಾ, ನಗು. ಈಗ ಅರ್ಧ ಊರು ಅದನ್ನು ಫೋನಿನಲ್ಲೇ ಮುಗಿಸುತ್ತದೆ. ಬಸದಿಯಿಂದ ಬರುವಾಗ ಆಯಿ ಮನೆಯ ಕಡೆ ತಿರುಗದೆ ಮಾವಶಿಯ ಅಂಗಳಕ್ಕೆ ಹೋದರು. ನಾನು ಹಿಂದೆ ಹೋದೆ. ಅಲ್ಲಿ ಆಗಲೇ ಕೊಡಲಿ ಹಿಡಿದವನು ಗಿಡದ ಸುತ್ತ ತಿರುಗಿ ನೋಡುತ್ತಿದ್ದ, ನಮ್ಮವರು ಕೈ ಕಟ್ಟಿಕೊಂಡು ನಿಂತಿದ್ದರು. ಮಾವಶಿ ಆಡುಗಳನ್ನು ಬಿಚ್ಚಿ ಗೋಡೆಯ ಮಗ್ಗುಲಿಗೆ ಕಟ್ಟುತ್ತಿದ್ದಳು.

ಆಯಿ ಮಾವಶಿಯ ಮುಂದೆ ಕೈ ಜೋಡಿಸಿದರು.

"ನಿನ್ನ ಗಿಡಕ್ಕ ಹುಳ ತಂದ ಇಟ್ಟಾಕಿ ನಾನವಾ. ನನ್ನ ಕೈಯಾಗಿಂದ ಹೋಗ್ಯಾವ. ನಿನ್ನ ಗಿಡದ್ದ ಏನೂ ತಪ್ಪಿಲ್ಲ. ಕ್ಷಮಾ ಮಾಡು."

ಮಾವಶಿ ಗಾಬರಿಯಾಗಿ ಹಗ್ಗ ಬಿಟ್ಟಳು. "ಅಯ್ಯ ಆಯಿ, ನೀವ್ ನನಗ ಕೈ ಮುಗೀತೀರೇನ್ರಿ! ಬ್ಯಾಡ್ರಿ, ಬ್ಯಾಡ್ರಿ." ಆಡು ಬಿಟ್ಟುಕೊಂಡು ಹೋಗಿ ಸೀತಾಫಲದ ಬುಡಕ್ಕೆ ಮೈ ತಿಕ್ಕಿತು. ಆಯಿ ಮಗನ ಕಡೆ ತಿರುಗಲೂ ಇಲ್ಲ. ನಮ್ಮವರು ಒಂದು ಸಲ ನನ್ನನ್ನು ನೋಡಿದರು, ಒಂದು ಸಲ ನೆಲ ನೋಡಿದರು. ಕೊಡಲಿಯವನಿಗೆ "ಆ ಕವಲಿನ ಟೊಂಗಿ ಅಷ್ಟ ಕಡಿಯೋ. ಆಮ್ಯಾಲ ನಮ್ಮ ಪೇರಲ ದಾರಿ ಮಗ್ಗಲದ್ದು" ಎಂದರು. ಗಿಡ ಉಳಿಯಿತು. ನಾನು ಹೋಗಿ ಬಿಟ್ಟುಕೊಂಡ ಆಡಿನ ಹಗ್ಗ ಹಿಡಿದೆ.

ಮನೆಗೆ ಬಂದು ನೀರು ಸೋಸಲು ಬಾವಿಯ ಹತ್ತಿರ ಹೋದೆ. ಬಟ್ಟೆ ಮಗುಚಿ ಚೆಂಬಿಗೆ ನೀರು ಬಿಟ್ಟುಕೊಂಡು ಇನ್ನೇನು ಹಗ್ಗ ಕಟ್ಟಬೇಕು, ಆಯಿ ಬಂದು ಎದುರಿಗೆ ನಿಂತರು.

"ಎಲ್ಲಾರ ಕಡೆ ಕೇಳೇನಿ. ನಿನ್ನ ಕಡೆ ಉಳದೈತಿ."

ಪ್ರತಿ ವರ್ಷ ಹೇಳುವ ಹಾಗೆ "ಕ್ಷಮಾ ಆಯಿ, ಕ್ಷಮಾ" ಎನ್ನಲು ಹೋದೆ. ಅವರು ತಲೆಯಾಡಿಸಿ ತಡೆದರು.

"ತಡಿ. ಬಾಯಿ ಉಪಚಾರಕ್ಕ ಬ್ಯಾಡ. ಈ ಬಾವಿ ಜೀವ ಈ ಬಾವಿಗೇ ಅಂತ ನಿನಗ ಹೇಳಿದಾಕಿ ನಾನ. ಗಿಡದ ಜೀವಕ್ಕೂ ಅದ ನ್ಯಾಯ ಐತಿ ಅಂತ ನನಗ ಹೊಳೀಲಿಲ್ಲ. ನಿನ್ನನ್ನೂ ಹಂಗ ಚಿಕ್ಕೋಡಿಂದ ಬಿಡಿಸಿ ತಂದೇನಿ. ಚಲೋ ಇರಲಿ ಅಂತನ ತಂದೇನಿ." ಅವರ ದನಿ ಒಡೆಯಿತು. "ಒಮ್ಮೆ ಬಿಡಿಸಿದ್ರ ಮತ್ತ ಹತ್ತಂಗಿಲ್ಲ ಅಂದಿ. ನೀ ಇಲ್ಲಿ ಹತ್ತೀದಿ ಏನವಾ?"

ಈ ಎಂಟು ವರ್ಷದಲ್ಲಿ ನನಗೆ ಊಟವಾಯಿತೇ ಎಂದು ಕೇಳಿದ್ದಾರೆ, ತಲೆನೋವೇ ಎಂದು ಕೇಳಿದ್ದಾರೆ, ಸೀರೆ ಹಿಡಿಸಿತೇ ಎಂದು ಕೇಳಿದ್ದಾರೆ. ಇದನ್ನು ಯಾರೂ ಕೇಳಿರಲಿಲ್ಲ. ಹೌದ್ರಿ ಎಂಬುದು ನಾಲಿಗೆಯ ತುದಿಗೆ ಬಂತು. ಉಪವಾಸದಿಂದ ಬತ್ತಿದ ಅವರ ಮುಖ ನೋಡಿ ಹಾಗೇ ಹೇಳಿಬಿಡಬೇಕು ಎನಿಸಿತು. ಅವರಿಗೆ ಇನ್ನೊಂದು ಸಾವಿನ ಲೆಕ್ಕ ಹೊರಿಸುವ ಮನಸ್ಸಿರಲಿಲ್ಲ.

"ಇಲ್ರಿ ಆಯಿ," ಎಂದೆ.

ಅವರು ಹೂಂ ಎಂದು ತಲೆದೂಗಿದರು. ಅಳಲಿಲ್ಲ, ಮಳೆ ಹಿಂದಾಗಲಿ ಎನ್ನಲಿಲ್ಲ. ಜೋಡಿಸಿದ ಕೈ ಹಾಗೇ ಹಿಡಿದು ನಿಂತರು, ನಾನು ಕ್ಷಮಾ ಎನ್ನುವವರೆಗೆ ಅವರು ಅದನ್ನು ಇಳಿಸುವ ಹಾಗಿಲ್ಲ. ನನಗೆ ಆ ಮಾತು ಬರಲಿಲ್ಲ. ನನ್ನ ಕೈಯಲ್ಲಿ, ಅದೇ ಬಾವಿಗೆ ಬಿಡಬೇಕಾದ ನೀರಿನ ಚೆಂಬು ಹಾಗೇ ಇತ್ತು.